ಕಸೂತಿ ಸೀರೆ ಕೊಳ್ಳುವವರೇ, ದುಡ್ಡು ಕೊಡುವ ಮೊದಲು ಹಿಂಬದಿ ನೋಡಿ

ತಂಗಿಯ ಮದುವೆಗೆ ತರಿಸಿದ ಸೀರೆಯಲ್ಲಿ ನಾನು ಮೋಸ ಹೋದೆ. 14,500 ರೂಪಾಯಿ ಹೋಯಿತು. ಇದನ್ನು ಓದಿ ಒಬ್ಬರಾದರೂ ಉಳಿದುಕೊಂಡರೆ ಸಾಕು ಅಂತ ಬರೆಯುತ್ತಿದ್ದೇನೆ.

ನನಗೆ ಬೇಕಾಗಿದ್ದು ಧಾರವಾಡದ ಕೈ ಕಸೂತಿ ಹಾಕಿದ ಕಪ್ಪು ರೇಷ್ಮೆ ಸೀರೆ. ಆ ಕಡೆ ಅದಕ್ಕೆ ಚಂದ್ರಕಾಳಿ ಅನ್ನುತ್ತಾರೆ. ಹಿಂದೆ ಮದುಮಗಳಿಗೆ ಅದು ಇರಲೇಬೇಕಿತ್ತಂತೆ. ನಮ್ಮ ಅತ್ತೆ ಧಾರವಾಡದವರು. ಅವರ ಬಾಯಲ್ಲಿ ಕೇಳಿ ಕೇಳಿ ನನಗೂ ಆಸೆ ಹುಟ್ಟಿತ್ತು. ಫೋನಿನಲ್ಲಿ ಫೋಟೋ ನೋಡಿ ಆರ್ಡರ್ ಮಾಡಿದೆ. ಸೆರಗಿನ ತುಂಬ ಗೋಪುರ, ತೇರು, ಆನೆ, ತುಳಸಿಕಟ್ಟೆ. "ಪೂರ್ತಿ ಹ್ಯಾಂಡ್ ವರ್ಕ್ ಮೇಡಂ, ಹತ್ತು ದಿನದಲ್ಲಿ ರೆಡಿ ಮಾಡಿ ಕಳಿಸ್ತೀವಿ" ಅಂತ ಮಾರುವವರು ಫೋನಿನಲ್ಲಿ ಅಂದರು. ಆ ಮಾತು ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಧಾರವಾಡ ಕಸೂತಿ ಅಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ. ಕೆಳಗೆ ಪೆನ್ಸಿಲ್ ಗೆರೆಯೂ ಇರುವುದಿಲ್ಲ. ತುಂಬಿದ ಸೆರಗು ಹತ್ತು ದಿನದಲ್ಲಿ ಹೇಗೆ ಮುಗಿಯುತ್ತದೆ?

ಮದುವೆಗೆ ಒಂದು ವಾರ ಇರುವಾಗ ಸೀರೆ ಬಂತು. ಮೇಲಿನಿಂದ ನೋಡಿದರೆ ತುಂಬಾ ಚೆನ್ನಾಗಿತ್ತು. ಅತ್ತೆ ಮುಂಬದಿ ನೋಡಲೇ ಇಲ್ಲ. ಸೆರಗು ತಿರುವಿ ಹಾಕಿ ಬೆರಳಾಡಿಸಿದರು. "ಇದು ಕೈಲೆ ಹಾಕಿದ್ದಲ್ಲ ಬಿಡವಾ, ಮಷಿನ್ ಹೊಲಿಗಿ ಐತಿ" ಅಂದರು.

ಬಗ್ಗಿ ನೋಡಿದೆ. ಮುಂದೆ ಕೆಂಪು, ಹಳದಿ, ಹಸಿರು ದಾರ. ಹಿಂದೆ ಎಲ್ಲಾ ಬಣ್ಣದ ಕೆಳಗೂ ಒಂದೇ ಬಿಳಿ ದಾರ. ಅದು ಮಷಿನ್ನಿನ ಬಾಬಿನ್ ದಾರ, ಅಂದರೆ ಹೊಲಿಯುವಾಗ ಕೆಳಗಿನಿಂದ ಬರುವ ದಾರ. ಆನೆಯಿಂದ ಆನೆಗೆ ದಾರ ಹಾಗೇ ಹಾರಿಕೊಂಡು ಹೋಗಿತ್ತು. ಚಿತ್ತಾರದ ಹಿಂದೆ ಕಾಗದದಂಥ ಬಿಳಿ ಪದರ ಬೇರೆ ಅಂಟಿತ್ತು. ಸೆರಗು ಮಡಚಿದರೆ ರಟ್ಟಿನ ಹಾಗೆ ನಿಲ್ಲುತ್ತಿತ್ತು. ತಂಗಿ ಸುಮ್ನೆ ಒಮ್ಮೆ ಹೆಗಲ ಮೇಲೆ ಹಾಕಿಕೊಂಡು ನೋಡಿದಳು. ಆ ಪದರ ತೋಳಿಗೆ ಚುಚ್ಚಿ ಕೆಂಪಗಾಯಿತು.

ಅಸಲಿ ಕೆಲಸ ಹೇಗಿರುತ್ತದೆ ಅಂತ ಅತ್ತೆ ತಮ್ಮ ಹಳೇ ಸೀರೆ ತೆಗೆದು ತೋರಿಸಿದರು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಸಲ ಜಾಗ ಬಿಟ್ಟು ಬಿಟ್ಟು ಮುಂದೆ ಹೋಗುತ್ತದೆ. ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಬರುತ್ತದೆ. ಅದಕ್ಕೇ ಎರಡೂ ಬದಿ ಒಂದೇ ಥರ ಕಾಣುತ್ತದೆ. ಮುರಗಿಯೂ ಹಾಗೇ, ಮೆಟ್ಟಿಲಿನಂತೆ ಸಾಗುವ ಹೊಲಿಗೆ. ಗಂಟು ಎಲ್ಲೂ ಇರುವುದಿಲ್ಲ. ಕಸೂತಿಯ ಇನ್ನೆರಡು ಹೊಲಿಗೆಗಳಾದ ನೇಯ್ಗಿ, ಮೆಂತಿ ಮಾತ್ರ ಹಿಂದೆ ಬೇರೆ ಥರ ಕಾಣುತ್ತವೆ, ಅದನ್ನು ನೋಡಿ ಮೋಸ ಅಂದುಕೊಳ್ಳಬೇಡಿ. ಇನ್ನೊಂದು ವಿಷಯ. ನುಣುಪು ರೇಷ್ಮೆಯಲ್ಲಿ ಎಳೆ ಎಣಿಸುವುದು ಕಷ್ಟ. ಹಾಗಾಗಿ ಈಗ ಮೇಲೆ ಕ್ಯಾನ್ವಾಸ್ ಬಟ್ಟೆ ಇಟ್ಟು ಹೊಲಿದು, ಆಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಮುಂಬದಿಯಲ್ಲಿ ಎಲ್ಲೋ ಒಂದು ಬಿಳಿ ಎಳೆ ಉಳಿದಿದ್ದರೆ ಅದು ಕೈ ಕೆಲಸದ ಗುರುತೇ ಇರಬಹುದು. ಹಿಂದೆ ಅಂಟಿಸಿದ ಪದರ ಬೇರೆ, ಇದು ಬೇರೆ.

ಮಾರಿದವರಿಗೆ ಫೋನ್ ಮಾಡಿದರೆ ಸಿಕ್ಕ ಉತ್ತರ ಇದು: "ಬಿಲ್ಲಿನಲ್ಲಿ ಕಸೂತಿ ಸೀರೆ ಅಂತ ತಾನೇ ಇದೆ ಮೇಡಂ? ಕಸೂತಿನೇ ಕಳಿಸಿದ್ದೀವಿ." ನಾನು ಬಿದ್ದಿದ್ದು ಇಲ್ಲೇ. ಕನ್ನಡದಲ್ಲಿ ಯಾವ ಎಂಬ್ರಾಯ್ಡರಿಗೂ ಕಸೂತಿ ಅನ್ನುತ್ತೇವಲ್ವಾ? ಹ್ಯಾಂಡ್ ವರ್ಕ್ ಅಂತ ಅವರು ಹೇಳಿದ್ದೆಲ್ಲಾ ಫೋನ್ ಮಾತಿನಲ್ಲಿ. ಬರಹದಲ್ಲಿ ಒಂದಕ್ಷರ ಇರಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳಿ ಮಾರುವುದು ತಪ್ಪು. ಆದರೆ ಸುಳ್ಳು ಹೇಳಿದರು ಅಂತ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಹಣ ವಾಪಸ್ ಬರಲಿಲ್ಲ.

ದಯವಿಟ್ಟು ನೀವು ಹೀಗೆ ಮಾಡಿ. ಸೆರಗಿನ ಹಿಂಬದಿಯನ್ನು ಹತ್ತಿರದಿಂದ ತೆಗೆದ ವಿಡಿಯೋ ಕೇಳಿ. ಅಸಲಿ ಕೆಲಸದವರು ಖುಷಿಯಿಂದ ಕಳಿಸುತ್ತಾರೆ. ಬಿಲ್ಲಿನಲ್ಲಿ "ಕೈಯಿಂದ ಹಾಕಿದ ಧಾರವಾಡ ಕಸೂತಿ" ಅಂತ ಪೂರ್ತಿ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಅಲ್ಲೇ ಬಿಟ್ಟುಬಿಡಿ. ಫೋನಿನಲ್ಲಿ ಆದ ಮಾತನ್ನು ತಕ್ಷಣ ಮೆಸೇಜ್ ಮಾಡಿ, ಅವರಿಂದ "ಹೌದು" ಅನ್ನಿಸಿಕೊಳ್ಳಿ. ಮದುವೆಗಾದರೆ ತಿಂಗಳುಗಟ್ಟಲೆ ಮೊದಲೇ ಹೇಳಿಡಿ. ನನಗೆ ಜಾಸ್ತಿ ಸಂಕಟ ಆಗಿದ್ದು ಇದಕ್ಕೆ: ಕಣ್ಣು ಬತ್ತುವ ತನಕ ಎಳೆ ಎಣಿಸುವ ಹೆಣ್ಣುಮಕ್ಕಳಿಗೆ ಹೋಗಬೇಕಾದ ದುಡ್ಡು ಅವರ ಹೆಸರು ಹೇಳಿದವರ ಜೇಬಿಗೆ ಹೋಯಿತು.

ತಂಗಿ ಮದುವೆಯಲ್ಲಿ ಅತ್ತೆಯ ಹಳೇ ಸೀರೆಯನ್ನೇ ಉಟ್ಟಳು. ಎರಡೂ ಸೀರೆಗಳ ಹಿಂಬದಿಯ ಫೋಟೋ ನನ್ನ ಹತ್ತಿರ ಇದೆ. ಹೋಲಿಸಿ ನೋಡಬೇಕು ಅನ್ನುವವರು ಕೇಳಿ, ಕಳಿಸುತ್ತೇನೆ.