ನಮ್ಮ ತಾಲ್ಲೂಕಿನ ನೌಕರರ ಪತ್ತಿನ ಸೊಸೈಟಿ: ಸಾಲ ಬೇಗ ಸಿಗುತ್ತೆ, ಜಾಮೀನೇ ತಲೆನೋವು

ಹೆಸರು ಹಾಕ್ತಿಲ್ಲ, ನಮ್ಮೂರ ನೌಕರರಿಗೆ ಯಾವ ಸೊಸೈಟಿ ಅಂತ ಗೊತ್ತಾಗುತ್ತೆ ಬಿಡಿ. ನಾನು ಪ್ರೈಮರಿ ಸ್ಕೂಲ್ ಮೇಷ್ಟ್ರು, ಷೇರುದಾರ ಆಗಿ ವರ್ಷಗಳೇ ಆದ್ವು.

ಮೊದಲು ಒಳ್ಳೇದು ಹೇಳ್ತೀನಿ. ಅಮ್ಮನ ಆಪರೇಷನ್‌ಗೆ ಆಸ್ಪತ್ರೆಯವ್ರು ಅಡ್ವಾನ್ಸ್ ಕಟ್ಟಿ ಅಂದ್ರು, ಮೆಡಿಕಲ್ ಬಿಲ್ ಇಲಾಖೆಯಿಂದ ಪಾಸಾಗೋದು ಯಾವ ಕಾಲಕ್ಕೋ, ಆಗ ತುರ್ತು ಸಾಲ ಅಂತ ಕೇಳಿದ್ದಕ್ಕೆ ಮಾರನೇ ದಿನವೇ ಅಕೌಂಟಿಗೆ ಹಾಕಿದ್ರು. ಬಡ್ಡಿ 12 ಪರ್ಸೆಂಟು, ಅದೂ ಉಳಿದ ಅಸಲಿನ ಮೇಲೆ ಮಾತ್ರ. ಕ್ರೆಡಿಟ್ ಕಾರ್ಡ್ ಬಾಕಿ ಉಳಿಸ್ಕೊಂಡ್ರೆ ತಿಂಗಳಿಗೇ 3 ಪರ್ಸೆಂಟಿನ ಮೇಲೆ ಎಳೀತಾರೆ, ಲೋನ್ ಆ್ಯಪ್‌ನವ್ರ ಕಾಟ ಅಂತೂ ಕೇಳ್ಲೇಬೇಡಿ.

ಈಗ ತಲೆನೋವಿನ ವಿಷಯ. ದೊಡ್ಡ ಸಾಲಕ್ಕೆ ಇಬ್ಬರು ನೌಕರರ ಜಾಮೀನು ಬೇಕೇ ಬೇಕು. ಕೌಂಟರ್‌ನಲ್ಲಿ ಕೂತಿರೋ ಗುಮಾಸ್ತರು ಪೇ ಸ್ಲಿಪ್ ತಗೊಂಡು ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ ವಂತಿಗೆ), ಪಿಟಿ ಅಂದ್ರೆ ವೃತ್ತಿ ತೆರಿಗೆ 200, ಬ್ಯಾಂಕ್ ಕಂತು ಅಂತ ಒಂದೊಂದಕ್ಕೂ ಕೆಂಪು ಪೆನ್ನಲ್ಲಿ ಗೀಟು ಹಾಕ್ತಾ ಬಂದು, ಕೊನೇಲಿ ಉಳಿಯೋ ಮೊತ್ತಕ್ಕೆ ಸುತ್ತು ಹಾಕಿ "ಇಷ್ಟರಲ್ಲಿ ಮನೆ ನಡೆಯುತ್ತಾ ಸಾರ್?" ಅಂತಾರೆ, ಹಿಂದೆ ಕ್ಯೂನಲ್ಲಿ ನಿಂತಿರೋರಿಗೆಲ್ಲ ಕೇಳಿಸೋ ಹಂಗೆ. ಆದ್ರೂ ಸಾಲ ಕೊಡ್ತಾರೆ! 2024ರ ಆಗಸ್ಟಿಂದ ಏಳನೇ ವೇತನ ಆಯೋಗದ ಸಂಬಳ ಬಂದ್ಮೇಲೆ ಸಾಲದ ಮಿತಿನೂ ಏರಿಸಿದ್ರು, ಹೆಚ್ಚಾದ ಸಂಬಳ ಎಷ್ಟೋ ಜನಕ್ಕೆ ಕಂತಿಗೇ ಹೋಯ್ತು.

ನಮ್ಮ ಸ್ಟಾಫ್‌ನಲ್ಲೇ ಒಬ್ಬರು ಸಾಲ ತಗೊಂಡ ಮೇಲೆ ಸಸ್ಪೆಂಡ್ ಆದ್ರು. ಕಂತು ನಿಂತಿದ್ದೇ ಜಾಮೀನು ಹಾಕಿದ್ದ ಮೇಡಂ ಸಂಬಳಕ್ಕೆ ಕತ್ತರಿ. ಆಯಮ್ಮನ ಮಗಳ ಕಾಲೇಜ್ ಫೀಸ್ ಕಟ್ಟೋ ತಿಂಗಳು ಅದು. ಸೊಸೈಟಿಯಿಂದ ಮುಂಚೆ ಒಂದು ಫೋನೂ ಇಲ್ಲ, ಸ್ಲಿಪ್ ಡೌನ್‌ಲೋಡ್ ಮಾಡಿದಾಗಲೇ ಗೊತ್ತಾಗಿದ್ದು. ಇಬ್ಬರೂ ಈಗ ಮಾತಾಡಲ್ಲ. ಇದಕ್ಕೇ ನಾನು ಎರಡು ಸ್ಟಾರ್ ಕಟ್ ಮಾಡಿರೋದು.

ಹಂಗಾದ್ರೂ ಅಲ್ಲಿ ಯಾಕಿಷ್ಟು ರಶ್ಶು ಅಂದ್ರೆ, 1-4-2006ರ ಮೇಲೆ ಸೇರಿದ ನಮಗೆ ಎನ್‌ಪಿಎಸ್. ಹಳಬರು ಕಷ್ಟ ಬಂದ್ರೆ ಜಿಪಿಎಫ್ ಅನ್ನೋ ಭವಿಷ್ಯ ನಿಧಿಯಿಂದ ಮುಂಗಡ ತಗೊಳ್ತಿದ್ರು, ನಮಗೆ ನಮ್ಮ ಪಾಲಿನ ವಂತಿಗೆಯಲ್ಲಿ 25 ಪರ್ಸೆಂಟ್ ತನಕ, ಅದೂ ಇಂತಿಂಥ ಕಾರಣಕ್ಕೆ ಮಾತ್ರ ಸಿಗೋದು. ಸೊಸೈಟಿಗೆ ಹೋಗೋಕ್ಮುಂಚೆ ನಿಮ್ಮ ಕೆಜಿಐಡಿ ಪಾಲಿಸಿ ಮೇಲೆ ಎಷ್ಟು ಸಾಲ ಬರುತ್ತೆ ಒಮ್ಮೆ ನೋಡ್ಕೊಳ್ಳಿ, ಪಾಲಿಸಿ ನಿಮ್ಮದೇ ಆದ್ರಿಂದ ಜಾಮೀನಿಗೆ ಯಾರ ಮುಂದೆನೂ ಕೈ ಚಾಚೋದು ಬೇಡ.

ಐದಕ್ಕೆ ಮೂರು ಸ್ಟಾರ್. ಸಣ್ಣ ತುರ್ತು ಸಾಲಕ್ಕೆ ಧಾರಾಳವಾಗಿ ಹೋಗಿ. ಸಂಬಳ ಆದ ಮೊದಲ ವಾರ ಮಾತ್ರ ಹೋಗ್ಬೇಡಿ, ಕಾಲಿಡೋಕೆ ಜಾಗ ಇರಲ್ಲ, ಡಿಡಿಓ (ಸಂಬಳದ ಬಿಲ್ ಮಾಡೋ ಅಧಿಕಾರಿ) ಸಹಿ ಮೊದಲೇ ಮಾಡಿಸ್ಕೊಂಡು ಹೋಗಿ ಇಲ್ದಿದ್ರೆ ವಾಪಸ್ ಕಳಿಸ್ತಾರೆ.