ಹತ್ತು ಸಾವಿರ ಲಕ್ಸ್ ಸರಿ, ಎಷ್ಟು ದೂರಕ್ಕೆ?

ಹಗಲು ಕಿರಿದಾದಾಗ ಕವಿಯುವ ಮಂಕು ಕಳೆಯಲು ಬೆಳಗ್ಗೆ ಮುಂದಿಟ್ಟುಕೊಂಡು ಕೂರುವ ಪ್ರಖರ ದೀಪಗಳ ಮಾತಿದು. ಮೊದಲೇ ಹೇಳಿಬಿಡುತ್ತೇನೆ, ನಾನು ದೊಡ್ಡ ಪೆಟ್ಟಿಗೆ ದೀಪದ ಪಕ್ಷ. ಅದು ಮೇಜಿನ ಅರ್ಧ ಜಾಗ ನುಂಗುತ್ತದೆ, ನೋಡಲು ಎಕ್ಸ್‌ರೇ ಸಿಕ್ಕಿಸುವ ಡಬ್ಬಿಯ ಹಾಗಿದೆ, ಮನೆಯಲ್ಲಿ ಒಬ್ಬರಿಗೂ ಹಿಡಿಸಿಲ್ಲ. ಆದರೂ ಅದೇ. ಅಲ್ಲಿಗೆ ತಲುಪುವ ಮೊದಲು ಚಿಕ್ಕದೊಂದನ್ನು ಕೊಂಡು, ವಾಪಸ್ ಮಾಡುವ ಗಡುವನ್ನೂ ಕಳೆದುಕೊಂಡು, ಎರಡು ತಿಂಗಳು ಅದರ ಮುಂದೆ ಕತ್ತು ಚಾಚಿ ಕೂತಿದ್ದೆ.

ನಾನು ಕೆಲಸ ಮಾಡುವ ಕೋಣೆಗೆ ಕಿಟಕಿಯಿಲ್ಲ. ಹಗಲು ಕಿರಿದಾಗುವ ತಿಂಗಳುಗಳಲ್ಲಿ ಬೆಳಗ್ಗೆ ಹಾಸಿಗೆ ಬಿಡಲು ಆಗುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ತಲೆ ಮಂಕಾಗಿರುತ್ತದೆ. ಡಾಕ್ಟರ ಹತ್ತಿರ ಹೋದೆ. ಅವರು ದೀಪದ ಮಾತೆತ್ತುವ ಮೊದಲು ಬೇರೆಯದನ್ನೇ ಕೇಳಿದರು: ರೆಟಿನಾದ ತೊಂದರೆ ಏನಾದರೂ ಇದೆಯೇ, ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುವ ಮಾತ್ರೆ ನುಂಗುತ್ತಿದ್ದೀರಾ, ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆ ಇತ್ತೇ. ಅದಿದ್ದವರಿಗೆ ಇಂಥ ಬೆಳಕು ಉನ್ಮಾದವನ್ನು ಕೆರಳಿಸಬಹುದಂತೆ. ಯಾವುದೂ ಇಲ್ಲ ಎಂದಮೇಲೆ, ಬೆಳಗ್ಗೆ ಎದ್ದ ಸ್ವಲ್ಪ ಹೊತ್ತಿಗೇ 10,000 ಲಕ್ಸ್ ಬೆಳಕಿನ ಮುಂದೆ ಅರ್ಧ ಗಂಟೆ ಕೂತು ನೋಡಿ ಅಂದರು. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂಬುದರ ಅಳತೆ. ದೀಪವನ್ನು ದಿಟ್ಟಿಸಬೇಕಾಗಿಲ್ಲ, ಕಣ್ಣು ತೆರೆದಿದ್ದು ಬೆಳಕು ಓರೆಯಾಗಿ ಬಿದ್ದರೆ ಸಾಕು.

ನಾನು 10,000 ಎಂಬ ಅಂಕಿಯನ್ನಷ್ಟೇ ತಲೆಯಲ್ಲಿಟ್ಟುಕೊಂಡು ಕೊಳ್ಳಲು ಹೊರಟೆ. ಅಂಗೈ ಅಗಲದ ಚಪ್ಪಟೆ ಎಲ್‌ಇಡಿ ದೀಪದ ಡಬ್ಬಿಯ ಮೇಲೆ ಅದೇ ಅಂಕಿ ಇತ್ತು, ದೊಡ್ಡ ಪೆಟ್ಟಿಗೆಯ ಮೇಲೂ ಅದೇ. ಚಿಕ್ಕದರ ಬೆಲೆ ದೊಡ್ಡದರ ಮೂರನೇ ಒಂದು ಪಾಲು. ಇನ್ನೇನು ಯೋಚಿಸುವುದು?

ಒಂದು ವಾರ ಕಳೆದ ಮೇಲೆ ಕೈಪಿಡಿಯ ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರಗಳು ಕಂಡವು: 10,000 ಲಕ್ಸ್, 15 ಸೆಂಟಿಮೀಟರ್ ದೂರದಲ್ಲಿ. ಅಂದರೆ ಒಂದು ಗೇಣೂ ಇಲ್ಲ. ಅಷ್ಟು ಹತ್ತಿರ ಕೂತು ಏನು ಮಾಡಬಹುದು ಹೇಳಿ. ಕೀಬೋರ್ಡಿನ ಮುಂದೆ ಇಟ್ಟರೆ ಪರದೆ ಮರೆಯಾಗುತ್ತದೆ. ಪೇಪರ್ ಓದೋಣವೆಂದರೆ ಪೇಪರು ಮುಖಕ್ಕೂ ದೀಪಕ್ಕೂ ನಡುವೆ ಬಂದು, ಚಿಕಿತ್ಸೆಯೆಲ್ಲ ಮೊದಲ ಪುಟದ ಸುದ್ದಿಗೇ ಆಗುತ್ತದೆ. ಪಕ್ಕಕ್ಕೆ ಇಡೋಣವೆಂದು ನಾಲ್ಕು ದಪ್ಪ ಪುಸ್ತಕ ಪೇರಿಸಿ ಮೇಲೆ ನಿಲ್ಲಿಸಿದೆ. ಅದರ ಊರುಗಾಲು ಬಾಗಿದ ತಂತಿಯದು. ರಟ್ಟಿನ ಮೇಲೆ ಮೆಲ್ಲಗೆ ಜಾರುತ್ತಾ ಹೋಗಿ, ಸರಿಯಾಗಿ ಏಳನೇ ಎಂಟನೇ ನಿಮಿಷಕ್ಕೆ ಅಂಗಾತ ಬಿದ್ದು ಛಾವಣಿ ಬೆಳಗುತ್ತಿತ್ತು. ರಬ್ಬರ್ ಬ್ಯಾಂಡ್ ಸುತ್ತಿದೆ, ಜಾರುವುದು ನಿಂತಿತು. ಆಮೇಲೆ ತಿಳಿಯಿತು, ಜಾರುತ್ತಿದ್ದದ್ದು ನಾನೂ ಹೌದು. ಗೊತ್ತಿಲ್ಲದಂತೆ ಬೆನ್ನು ಹಿಂದೆ ಒರಗಿ, ಮುಖ ದೀಪದಿಂದ ಒಂದು ಮೊಳ ದೂರ ಹೋಗಿರುತ್ತಿತ್ತು.

ಆ ಒಂದು ಮೊಳದಲ್ಲಿ ಏನು ಕಳೆದುಹೋಗುತ್ತದೆಂದು ನೋಡಲು ಗೆಳೆಯನ ಲಕ್ಸ್ ಮೀಟರ್ ತಂದೆ. ಕಣ್ಣಿರುವ ಜಾಗದಲ್ಲಿ ಹಿಡಿದರೆ 15 ಸೆಂಟಿಮೀಟರಿಗೆ ಸುಮಾರು 9,500. ಸುಳ್ಳು ಹೇಳಿರಲಿಲ್ಲ, ಪಾಪ. 30ಕ್ಕೆ 3,000. ನಾನು ನಿಜವಾಗಿ ಕೂರುವ 50 ಸೆಂಟಿಮೀಟರಿಗೆ ಬರೀ 1,200. 2,500 ಲಕ್ಸ್ ಆದರೇ ಎರಡು ಗಂಟೆ ಕೂರಬೇಕು ಎನ್ನುವುದು ರೂಢಿಯ ಲೆಕ್ಕ. ಹಾಗಾದರೆ ನಾನು ಎರಡು ತಿಂಗಳು ಮಾಡಿದ್ದು ಬಹುಪಾಲು ಮೇಜಿನ ಅಲಂಕಾರ.

ದೊಡ್ಡ ಪೆಟ್ಟಿಗೆಯ ಬೆಳಗುವ ಮುಖ 30 ಸೆಂಟಿಮೀಟರ್ ಅಗಲ, 50 ಎತ್ತರ. ಮುಖ ಅಗಲವಿದ್ದಷ್ಟೂ ಬೆಳಕು ದೂರಕ್ಕೆ ನಿಧಾನವಾಗಿ ಸೊರಗುತ್ತದೆ. ಅದೇ ಮೀಟರಿನಲ್ಲಿ 35 ಸೆಂಟಿಮೀಟರಿಗೆ 10,000 ಸಿಕ್ಕಿತು, 50ಕ್ಕೂ 5,500 ಉಳಿದಿತ್ತು. ಮಾನಿಟರಿನ ಎಡಕ್ಕೆ, ಕಣ್ಣಿಗಿಂತ ಕೊಂಚ ಮೇಲೆ ಬರುವಂತೆ ಇಟ್ಟಿದ್ದೇನೆ. ಹತ್ತಿರ ಎಳೆದುಕೊಂಡರೆ ಅರ್ಧ ಗಂಟೆ, ಮಾಮೂಲಿ ಜಾಗದಲ್ಲಿ ಕೂತು ಮೇಲ್ ನೋಡುತ್ತಿದ್ದರೆ ಒಂದು ಗಂಟೆ. ತಲೆ ಆಚೀಚೆ ಆಡಿಸಿದರೂ ಲೆಕ್ಕ ಕೆಡುವುದಿಲ್ಲ. ಹತ್ತು ದಿನದಲ್ಲಿ ಅಲಾರಾಂ ಹೊಡೆದಾಗ ಅದನ್ನು ಬೈಯುವುದು ನಿಂತಿತು. ನನಗೆ ಅದೇ ಸಾಕ್ಷಿ.

ದೊಡ್ಡದಕ್ಕೆ ಟೈಮರ್ ಇಲ್ಲ. ಕಚೇರಿಗೆ ಒಯ್ಯಲು ಒಮ್ಮೆ ಪ್ರಯತ್ನಿಸಿದೆ, ಪಕ್ಕದ ಮೇಜಿನವರು ಕಣ್ಣಿಗೆ ಕೈ ಅಡ್ಡ ಹಿಡಿದು ಮಾತಾಡಿಸಿದರು. ಮರುದಿನ ಮನೆಗೆ ತಂದೆ. ಒಬ್ಬರೇ ಕೂರುವ ಕೋಣೆ ಇದ್ದವರಿಗೆ ಮಾತ್ರ ಕಚೇರಿಯ ಮಾತು.

ನಡುವೆ ತಂಗಿಯ ಮನೆಯಿಂದ ಬೆಳಗು ದೀಪವನ್ನೂ ತಂದು ಮೂರು ವಾರ ಇಟ್ಟುಕೊಂಡಿದ್ದೆ. ಏಳುವ ಅರ್ಧ ಗಂಟೆ ಮೊದಲೇ ಕೆಂಪಾಗಿ ಹೊತ್ತಿ ಮೆಲ್ಲಗೆ ಬೆಳ್ಳಗಾಗುವಂಥದ್ದು. ತುದಿಮುಟ್ಟಿದಾಗಲೂ ಬರೀ ಇನ್ನೂರು ಮುನ್ನೂರು ಲಕ್ಸ್. ಏಳುವುದು ಹಗುರವಾಯಿತು, ಸುಳ್ಳು ಹೇಳಬಾರದು. ಆದರೆ ನನ್ನ ಮಧ್ಯಾಹ್ನದ ಮಂಕು ಅದಕ್ಕೆ ಜಗ್ಗಲಿಲ್ಲ. ಏಳುವುದೊಂದೇ ಕಷ್ಟವಾಗಿರುವವರು ಮೊದಲು ಅದನ್ನು ನೋಡಬಹುದು. ಹಣೆಗೆ ಕಟ್ಟಿಕೊಳ್ಳುವ ಬೆಳಕಿನ ಪಟ್ಟಿಯೂ ಸಿಗುತ್ತದೆ. ನಾನು ಕನ್ನಡಕದವನು, ಐದು ನಿಮಿಷಕ್ಕೆ ತೆಗೆದಿಟ್ಟೆ.

ನೀಲಿ ಬೆಳಕಿನದೇ ಬೇಕೆಂದು ಹೆಚ್ಚು ಕೊಡಬೇಕಾಗಿಲ್ಲ. 1984ರಲ್ಲಿ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಚಳಿಗಾಲದ ಖಿನ್ನತೆಯನ್ನು ವಿವರಿಸಿದಾಗ ರೋಗಿಗಳನ್ನು ಕೂರಿಸಿದ್ದು ಟ್ಯೂಬ್‌ಲೈಟಿನ ಬಿಳಿ ಬೆಳಕಿನ ಮುಂದೆಯೇ. ಯುವಿ ಕಿರಣ ಬಾರದಂತಿರಬೇಕು, ಬೆಳಕು ಮಿಣುಕಬಾರದು, ಮುಂದೆ ಹಾಲುಬಿಳುಪಿನ ಹಾಳೆ ಇರಬೇಕು. ಹಾಳೆಯಿಲ್ಲದೆ ಎಲ್‌ಇಡಿ ಚುಕ್ಕಿಗಳು ನೇರ ಕಂಡರೆ ಕಣ್ಣು ಮುಚ್ಚಿದ ಮೇಲೂ ಚುಕ್ಕಿ ಕುಣಿಯುತ್ತವೆ.

ಒಂದು ದಿನ ಬೆಳಗ್ಗೆ ತಪ್ಪಿತೆಂದು ರಾತ್ರಿ ಎಂಟಕ್ಕೆ ಕೂತೆ. ನಡುರಾತ್ರಿ ಕಳೆದು ಎರಡು ಗಂಟೆಯವರೆಗೆ ನಿದ್ದೆ ಬಾರದೆ ಫ್ಯಾನಿನ ರೆಕ್ಕೆ ಎಣಿಸಿದೆ.

ನಾನು ಬೆಳಗ್ಗೆ ಒಂದೇ ಕುರ್ಚಿಯಲ್ಲಿ, ಒಂದೇ ಮೇಜಿನ ಮುಂದೆ ಒಂದು ಗಂಟೆ ಕೂರುವ ಮನುಷ್ಯ. ದೊಡ್ಡದು ನನಗೆ ಹೊಂದಿದ್ದು ಅದಕ್ಕೆ. ಊರೂರು ತಿರುಗುವವರು ಚೀಲಕ್ಕೆ ಹಿಡಿಸುವ ಚಿಕ್ಕದನ್ನೇ ಕೊಳ್ಳಬೇಕಾದೀತು. ಹಾಗಾದರೆ ಅದರ ಮುಂದೆ ಒಂದು ಗೇಣಿನೊಳಗೆ ಅರ್ಧ ಗಂಟೆ ಏನು ಮಾಡುತ್ತೀರೆಂದು ಮೊದಲೇ ಯೋಚಿಸಿ, ಕಿವಿಗೆ ಏನಾದರೂ ಹಾಕಿಕೊಂಡು ಕೂರುವುದು ಒಳ್ಳೆಯದು.

ನನ್ನ ಚಿಕ್ಕ ದೀಪ ಈಗ ತಂಗಿಯ ಹೊಲಿಗೆ ಯಂತ್ರದ ಪಕ್ಕದಲ್ಲಿದೆ, ರಬ್ಬರ್ ಬ್ಯಾಂಡ್ ಸಮೇತ. ಸೂಜಿಗೆ ದಾರ ಪೋಣಿಸಲು 15 ಸೆಂಟಿಮೀಟರ್ ಹೇಳಿಮಾಡಿಸಿದ ದೂರವಂತೆ.