ಏಳು ವರ್ಷ, ಮೂರು ಕಾರ್ ಸೀಟು: ಯಾವಾಗ ಬದಲಾಯಿಸಿದೆವು, ಎಲ್ಲಿ ಅವಸರ ಮಾಡಿದೆವು

ಮಗಳಿಗೆ ಈಗ ಏಳು ವರ್ಷ. ಹುಟ್ಟಿದಾಗಿನಿಂದ ಮೂರು ಸೀಟು ಬಳಸಿದ್ದೇವೆ. ಮೊದಲು ಹಿಡಿಕೆ ಇರುವ ಶಿಶು ಸೀಟು, ಆಮೇಲೆ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಹಾಕಬಹುದಾದ ಕನ್ವರ್ಟಿಬಲ್, ಈಗ ಕಾರಿನ ಬೆಲ್ಟ್ ಸರಿಯಾಗಿ ಬೀಳುವ ಹಾಗೆ ಎತ್ತಿ ಕೂರಿಸುವ, ಬೆನ್ನೊರಗು ಇರುವ ಬೂಸ್ಟರ್. ಈ ವಿಮರ್ಶೆ ಹೆಚ್ಚಾಗಿ ನಡುವಿನ ಸೀಟಿನದು. ಐದು ವರ್ಷಕ್ಕೂ ಜಾಸ್ತಿ ಬಳಸಿದ್ದು ಅದನ್ನೇ, ತಲೆ ಕೆಡಿಸಿಕೊಂಡಿದ್ದೂ ಅದರ ವಿಷಯದಲ್ಲೇ.

ಶಿಶು ಸೀಟಿನ ಲೇಬಲ್ಲಿನಲ್ಲಿ 13 ಕೆಜಿ ವರೆಗೆ ಎಂದಿತ್ತು. ಹತ್ತು ತಿಂಗಳಿಗೆ ಮಗಳ ತೂಕ ಎಂಟೂವರೆ ಕೆಜಿ, ಇನ್ನೂ ಬೇಕಾದಷ್ಟು ದಿನ ಇದೆ ಅಂತ ನೆಮ್ಮದಿಯಾಗಿದ್ದೆವು. ಒಂದು ದಿನ ಬೆಲ್ಟ್ ಬಿಗಿಯುವಾಗ ನೋಡಿದರೆ ಅವಳ ನೆತ್ತಿ ಸೀಟಿನ ಅಂಚಿನ ಹತ್ತಿರ ಬಂದಿತ್ತು. ಅಂಗೈ ಅಡ್ಡ ಇಟ್ಟು ನೋಡಿದೆ, ಒಂದು ಬೆರಳಿನ ಜಾಗವೂ ಉಳಿದಿರಲಿಲ್ಲ. ನೆತ್ತಿಯ ಮೇಲೆ ಕನಿಷ್ಠ ಎರಡೂವರೆ ಸೆಂಟಿಮೀಟರ್ ಸೀಟು ಉಳಿದಿರಬೇಕು ಎಂದು ಕೈಪಿಡಿಯಲ್ಲೇ ಬರೆದಿತ್ತು, ನಾವು ತೂಕದ ಸಾಲು ಓದಿ ಬಿಟ್ಟುಬಿಟ್ಟಿದ್ದೆವು. ತೂಕ, ಎತ್ತರ ಎರಡಕ್ಕೂ ಮಿತಿ ಇರುತ್ತದೆ. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಆ ಸೀಟು ಮುಗಿಯಿತು. ಕಾಲು ಹೊರಗೆ ಚಾಚಿಕೊಂಡಿದೆ ಅನ್ನೋದು ಮಾತ್ರ ಲೆಕ್ಕಕ್ಕಿಲ್ಲ.

ಕನ್ವರ್ಟಿಬಲ್ ಬಂತು. ಹಿಂದಕ್ಕೆ ಮುಖ ಮಾಡಿದರೆ 18 ಕೆಜಿ, ಮುಂದಕ್ಕೆ ಮುಖ ಮಾಡಿದರೆ 29 ಕೆಜಿ ಮಿತಿ. ಇಲ್ಲೇ ನಾವು ತಪ್ಪು ಮಾಡಿದ್ದು. ಹದಿಮೂರು ತಿಂಗಳಿಗೆ ಅವಳ ಕಾಲು ಮಡಚಿಕೊಂಡು ಕೂರುವುದನ್ನು ನೋಡಿ ಎಲ್ಲರೂ "ಪಾಪ, ಮಗುವಿಗೆ ಹಿಂಸೆ, ತಿರುಗಿಸಿ" ಎಂದರು. ತಿರುಗಿಸಿದೆವು. ನಾಲ್ಕೇ ದಿನಕ್ಕೆ ರಸ್ತೆಗೆ ನಾಯಿ ಅಡ್ಡ ಬಂದು ಗಟ್ಟಿಯಾಗಿ ಬ್ರೇಕ್ ಹಾಕಬೇಕಾಯಿತು. ವೇಗ ಏನೂ ಇರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೆ ನಾನು ಅವಳ ಪಕ್ಕದಲ್ಲಿ ಕೂತಿದ್ದೆ. ಭುಜ ಬೆಲ್ಟಿನಲ್ಲಿ ನಿಂತಿತು, ತಲೆ ಮಾತ್ರ ಮುಂದಕ್ಕೆ ಎಸೆದ ಹಾಗೆ ಹೋಗಿ ಗದ್ದ ಎದೆಗೆ ತಾಗಿತು. ಅವತ್ತೇ ಸಂಜೆ ಸೀಟನ್ನು ಮತ್ತೆ ಹಿಂದಕ್ಕೆ ತಿರುಗಿಸಿದೆವು.

ಆಮೇಲೆ ಕೂತು ಓದಿದೆ. ಹುಟ್ಟಿದ ಮಗುವಿನ ಉದ್ದದಲ್ಲಿ ಸುಮಾರು ಕಾಲು ಭಾಗ ತಲೆಯೇ ಇರುತ್ತದೆ. ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಮಧ್ಯೆ ಮಧ್ಯೆ ಮೆದು ಎಲುಬು. ಮುಂದಿನಿಂದ ಗುದ್ದಿದಾಗ ಹಿಂದಕ್ಕೆ ಮುಖ ಮಾಡಿದ ಮಗುವಿನ ತಲೆ, ಕತ್ತು, ಬೆನ್ನು ಒಟ್ಟಿಗೆ ಸೀಟಿಗೆ ಒತ್ತಿಕೊಳ್ಳುತ್ತವೆ, ಏಟು ಹಂಚಿಹೋಗುತ್ತದೆ. ಮುಂದಕ್ಕೆ ಮುಖ ಮಾಡಿದರೆ ಆ ಭಾರವನ್ನೆಲ್ಲ ಪುಟ್ಟ ಕತ್ತು ತಡೆಯಬೇಕು. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಹಿಂದಕ್ಕೆ ಮುಖ ಮಾಡುವ ಮಕ್ಕಳ ಸೀಟು ರೂಪಿಸಿದ್ದು ಅಮೆರಿಕದ ಜೆಮಿನಿ ಗಗನನೌಕೆಯ ಯಾನಿಗಳ ಸೀಟು ನೋಡಿ. ಆ ದೇಶದಲ್ಲಿ ಇವತ್ತಿಗೂ ನಾಲ್ಕು ವರ್ಷದ ಹತ್ತಿರದವರೆಗೆ ಮಕ್ಕಳನ್ನು ಹೀಗೇ ಕೂರಿಸುವ ರೂಢಿ ಇದೆ. ಯುರೋಪಿನ ಆರ್129 ನಿಯಮದ ಸೀಟುಗಳಲ್ಲಿ 15 ತಿಂಗಳು ಆಗುವ ಮುಂಚೆ ಮುಂದಕ್ಕೆ ತಿರುಗಿಸುವ ಹಾಗೇ ಇಲ್ಲ. ಅದು ಕನಿಷ್ಠ ಅಷ್ಟೇ, ಅವತ್ತೇ ತಿರುಗಿಸಿ ಅಂತ ಅರ್ಥವಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರಲ್ಲಿ ವಯಸ್ಸಿನ ಲೆಕ್ಕವನ್ನೇ ಬಿಟ್ಟು, ಸೀಟಿನ ಮಿತಿ ಮುಟ್ಟುವವರೆಗೂ ಹಿಂದಕ್ಕೇ ಇರಲಿ ಎಂದಿತು.

ಕಾಲಿನ ಚಿಂತೆ ಸುಮ್ನೆ. ಅವಳು ಚಕ್ಕಳಮಕ್ಕಳ ಹಾಕಿಕೊಂಡು, ಒಮ್ಮೊಮ್ಮೆ ಕಾರಿನ ಸೀಟಿನ ಬೆನ್ನಿಗೆ ಪಾದ ಒತ್ತಿಕೊಂಡು ಮೂರು ವರ್ಷ ಹತ್ತು ತಿಂಗಳವರೆಗೂ ಆರಾಮಾಗಿ ಕೂತಳು. ತೊಂದರೆ ಆಗಿದ್ದು ಮುಂದಿನ ಸೀಟಿನಲ್ಲಿ ಕೂತವರಿಗೆ, ಅವರ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಕಾರು ಚಿಕ್ಕದಾದರೆ ಈ ಸೀಟನ್ನು ಕೊಳ್ಳುವ ಮುಂಚೆ ಒಮ್ಮೆ ಇಟ್ಟು ನೋಡಿ.

ಮುಂದಕ್ಕೆ ತಿರುಗಿಸಿದಾಗ ಎರಡು ವಿಷಯ ಬದಲಾಯಿತು. ಒಂದು, ಭುಜದ ಪಟ್ಟಿ. ಹಿಂದಕ್ಕೆ ಮುಖ ಇದ್ದಾಗ ಪಟ್ಟಿ ಭುಜದ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗಿನಿಂದ ಬರಬೇಕು, ಮುಂದಕ್ಕೆ ಇದ್ದಾಗ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲಿನಿಂದ. ಎರಡನೆಯದು ಸೀಟಿನ ತಲೆಯಿಂದ ಕಾರಿನ ಕೊಕ್ಕೆಗೆ ಹಾಕುವ ಮೇಲಿನ ಪಟ್ಟಿ, ಅಂದರೆ ಟಾಪ್ ಟೆದರ್. ತಲೆ ಮುಂದಕ್ಕೆ ಹೋಗುವುದನ್ನು ಕಡಿಮೆ ಮಾಡುವುದು ಅದೇ. ಮೊದಲ ಎರಡು ವಾರ ಅದು ಸೀಟಿನ ಹಿಂದೆ ಸುತ್ತಿಟ್ಟ ಹಾಗೇ ಇತ್ತು, ನಾವು ನೋಡಿರಲೇ ಇಲ್ಲ. ದಯವಿಟ್ಟು ನಿಮ್ಮದನ್ನು ಇವತ್ತೇ ನೋಡಿ. ಸೀಟನ್ನು ನೇರ ಕಾರಿಗೆ ಸಿಕ್ಕಿಸುವ ಐಸೊಫಿಕ್ಸ್ ಕೊಕ್ಕೆಗಳಿಗೂ ತೂಕದ ಮಿತಿ ಇದೆ, ಅದು ದಾಟಿದ ಮೇಲೆ ಕಾರಿನ ಬೆಲ್ಟಿನಲ್ಲೇ ಕಟ್ಟಬೇಕು.

ಬಿಗಿ ಸರಿ ಇದೆಯಾ ಅಂತ ನೋಡೋಕೆ ನಾನು ಪ್ರತಿ ಸಲ ಮಾಡುವುದು ಒಂದೇ. ಕತ್ತಿನ ಬುಡದ ಮೂಳೆಯ ಹತ್ತಿರ ಪಟ್ಟಿಯನ್ನು ಹೆಬ್ಬೆರಳು, ತೋರುಬೆರಳಿನಿಂದ ಚಿವುಟಿ ನೋಡುತ್ತೇನೆ. ಮಡಿಕೆ ಕೈಗೆ ಸಿಕ್ಕರೆ ಸಡಿಲ, ಬೆರಳು ಜಾರಿದರೆ ಸರಿ. ದಪ್ಪ ಜಾಕೆಟ್ ಹಾಕಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಜಾಕೆಟ್ ಬಿಚ್ಚಿ ಬೆಲ್ಟ್ ಹಾಕಿ, ಆಮೇಲೆ ಮೇಲೆ ಹೊದಿಸಿ.

ಸೀಟಿನ ದೂರುಗಳೂ ಇವೆ. ಎರಡನೇ ವರ್ಷಕ್ಕೆ ಬಕಲ್ ಒಳಗೆ ಬಿಸ್ಕತ್ತಿನ ಪುಡಿ ಸೇರಿ ಕ್ಲಿಕ್ ಶಬ್ದವೇ ನಿಂತಿತು, ಕೈಪಿಡಿಯ ಪ್ರಕಾರ ಬೆಚ್ಚಗಿನ ನೀರಿನಲ್ಲಿ ಅದ್ದಿ ತೊಳೆದ ಮೇಲೆ ಸರಿಹೋಯಿತು. ಬಿಗಿಯುವ ಪಟ್ಟಿ ಎಳೆಯೋಕೆ ಬಲ ಬೇಕು. ಬಿಸಿಲಿನಲ್ಲಿ ಕಾರು ನಿಲ್ಲಿಸಿದರೆ ಬಕಲ್ ಸುಡುತ್ತದೆ. ಇಷ್ಟು ಬಿಟ್ಟರೆ ಗಟ್ಟಿಮುಟ್ಟು ಸೀಟು.

ಐದು ವರ್ಷಕ್ಕೆ 18 ಕೆಜಿ ದಾಟಿದಳು. ಬೂಸ್ಟರಿಗೆ ಕನಿಷ್ಠ ಬೇಕಾದ್ದು ಅಷ್ಟೇ ಅಲ್ವಾ ಅಂತ ತಂದೆವು. ಅರ್ಧ ಗಂಟೆಯಲ್ಲಿ ನಿದ್ದೆ ಹೋದಳು. ತಿರುಗಿ ನೋಡಿದರೆ ಮೈ ಬಾಗಿಲಿನ ಕಡೆ ವಾಲಿದೆ, ಭುಜದ ಬೆಲ್ಟ್ ಕಂಕುಳ ಕೆಳಗೆ ಇಳಿದಿದೆ. ಬೂಸ್ಟರ್ ಮಗುವನ್ನು ಹಿಡಿಯುವುದಿಲ್ಲ, ಹಿಡಿಯುವುದು ಕಾರಿನ ಬೆಲ್ಟ್. ಆ ಬೆಲ್ಟ್ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬೀಳುವ ಹಾಗೆ ಮಗುವನ್ನು ಎತ್ತಿ ಕೂರಿಸುವುದಷ್ಟೇ ಅದರ ಕೆಲಸ. ಹಾಗಾಗಿ ತೂಕ ಸಾಲದು, ದಾರಿಯುದ್ದಕ್ಕೂ ನೆಟ್ಟಗೆ ಕೂರುವ ಬುದ್ಧಿಯೂ ಬಂದಿರಬೇಕು. ಬೂಸ್ಟರನ್ನು ಮತ್ತೆ ಡಬ್ಬಕ್ಕೆ ಹಾಕಿ, ಭುಜದ ಪಟ್ಟಿ ಹೊರಬರುವ ತೂತುಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಅವಳ ಭುಜ ದಾಟುವವರೆಗೆ, ಅಂದರೆ ಆರು ವರ್ಷ ಎರಡು ತಿಂಗಳವರೆಗೆ, ಹಳೇ ಸೀಟಿನಲ್ಲೇ ಕೂರಿಸಿದೆವು. ಸೀಟಿಗೆ ಹತ್ತು ವರ್ಷದ ಗಡುವು ಇತ್ತು, ಕೆಳಭಾಗದಲ್ಲಿ ಅಚ್ಚು ಹಾಕಿರುತ್ತಾರೆ. ಹಳೇ ಸೀಟು ಇಸ್ಕೊಳ್ಳುವವರು ಅದನ್ನು ನೋಡಿ, ಅಪಘಾತ ಕಂಡಿದೆಯಾ ಅಂತಲೂ ಕೇಳಿ.

ಈಗ ಅವಳ ಪ್ರಶ್ನೆ, ಬೂಸ್ಟರ್ ಯಾವಾಗ ಬಿಡೋದು ಅಂತ. ಸುಮಾರು 145 ಸೆಂಟಿಮೀಟರ್ ಆಗಬೇಕು, ಇವಳು 121. ಹೋದ ವಾರ ಹಟ ಮಾಡಿದಳು ಅಂತ ನಿಂತ ಕಾರಿನಲ್ಲಿ ಬೂಸ್ಟರ್ ತೆಗೆದು ಕೂರಿಸಿದೆ. ಬೆನ್ನು ಸೀಟಿಗೆ ತಾಗಿಸಿದರೆ ಮಂಡಿ ಅಂಚಿನಲ್ಲಿ ಮಡಚಲಿಲ್ಲ, ಕಾಲು ನೇರ ಚಾಚಿ ನಿಂತಿತು. ಮಂಡಿ ಮಡಚೋಕೆ ಮುಂದೆ ಜಾರಿದಳು, ಕೆಳಗಿನ ಬೆಲ್ಟ್ ಹೊಟ್ಟೆಗೆ ಏರಿತು, ಮೇಲಿನದು ಕತ್ತಿಗೆ ಉಜ್ಜಿತು. "ಚುಚ್ಚತ್ತೆ" ಅಂತ ಅವಳೇ ಬೂಸ್ಟರ್ ಎಳೆದುಕೊಂಡಳು.